ಶೇಕಡಾ ನಾಲ್ಕು

ಎಣಿಸುವುದು ನನ್ನ ಕೆಲಸ.
ಪೊನ್ನಂಪೇಟೆಯ ಈ ಕೋಣೆಯಲ್ಲಿ ಇಪ್ಪತ್ತೊಂಬತ್ತು ವರ್ಷ
ಒದ್ದೆ ಕಾಗದದ ಮೇಲೆ ಸಾಲಾಗಿ ಮಲಗಿಸಿ,
ಸುರುಳಿ ಸುತ್ತಿ, ನಿಲ್ಲಿಸಿ,
ಐದನೆಯ ದಿನ ಒಮ್ಮೆ, ಹದಿನಾಲ್ಕನೆಯ ದಿನ ಮತ್ತೊಮ್ಮೆ
ಬಿಚ್ಚಿ ನೋಡಿದ್ದೇನೆ:
ಎದ್ದವರೆಷ್ಟು, ಎದ್ದೂ ಸೊಟ್ಟಗಾದವರೆಷ್ಟು,
ಮಗ್ಗುಲಾಗಿ ಹಾಗೇ ಉಳಿದವರೆಷ್ಟು.

ಭತ್ತ ಒಳ್ಳೆಯ ಜೀವ. ಒಣಗಿಸಿದರೆ ಸುಮ್ಮನಿರುತ್ತದೆ,
ಹೇಳಿದ ದಿನ ಏಳುತ್ತದೆ.
ಏಲಕ್ಕಿಗೆ ಹಠ; ಆಸಿಡ್ಡಿನಲ್ಲದ್ದಿ ಸಿಪ್ಪೆ ಸವೆಸಬೇಕು.
ಕಾಫಿಗೆ ತಾಳ್ಮೆಯಿಲ್ಲ. ತೇವ ಒಂದಿಷ್ಟು ಇಳಿದರೂ
ಒಳಗೇ ಸತ್ತು, ಹೊರಗೆ ಮೊದಲಿನಂತೆಯೇ ಹೊಳೆಯುತ್ತಿರುತ್ತದೆ.
ರೊಬಸ್ಟಾ ಬೀಜವನ್ನು ಇನ್ನೊಂದು ಮಳೆಗಾಲದವರೆಗೆ ಬದುಕಿಸಿಡಲು
ಹನ್ನೊಂದು ವರ್ಷ ಕೊಟ್ಟೆ.
ಇದ್ದಿಲು, ಮರದ ಪುಡಿ, ಪಾಲಿಥೀನು, ತಣ್ಣನೆ ಪೆಟ್ಟಿಗೆ;
ಗಳಿಸಿದ್ದು ನಲವತ್ತು ದಿನ.
ಆ ನಲವತ್ತು ದಿನದ ಮೇಲೆ ನನ್ನ ಡಾಕ್ಟರೇಟು ನಿಂತಿದೆ,
ತಲೆಯ ಮೇಲೆ ಸಿಪ್ಪೆ ಹೊತ್ತು ಮಣ್ಣಿನಿಂದೆದ್ದ ಸಸಿಯಂತೆ;
ತೋಟದವರು ಅದನ್ನು ಟೋಪಿ ಎನ್ನುತ್ತಾರೆ.

ಜುಲೈಯಲ್ಲಿ ಕರೆಂಟು ಹೋದರೆ ಮೂರು ದಿನ, ನಾಲ್ಕು ದಿನ.
ಮೊಳಕೆಪೆಟ್ಟಿಗೆಯ ಕಾವು ಆರದಂತೆ
ಬಿಸಿನೀರಿನ ಬಾಟಲಿ ಬದಲಿಸುತ್ತ ನಾನೂ ಜವನಿಯೂ
ಸರದಿಯಲ್ಲಿ ನಿದ್ದೆಗೆಟ್ಟಿದ್ದೇವೆ.
"ನನ್ನ ಕೂಸಿಗೂ ಇಷ್ಟು ಎದ್ದಿರಲಿಲ್ಲ" ಅಂದಿದ್ದಳು.
ಪ್ರಬಂಧದ ವಿಧಾನದ ಅಧ್ಯಾಯದಲ್ಲಿ ಇದನ್ನು ಬರೆದಿಲ್ಲ.

ಗುಡ್ಡ ಜಾರಿದ ಮೂರನೆಯ ವರ್ಷ
ಕಾಲೂರಿನ ಕಡೆಯಿಂದ ಜೀಪು ಓಡಿಸಿಕೊಂಡು ಪಳಂಗಪ್ಪ ಬಂದ.
ಮೊದಲು ಗದ್ದೆಯಿತ್ತು; ಈಗ ಜೀಪು.
ಹೊಗೆ ಹಿಡಿದ ಸಣ್ಣ ಮುಡಿಯೊಂದನ್ನು ಮೇಜಿನ ಮೇಲಿಟ್ಟ.
ಒಲೆಯ ಮೇಲೆ ನೇತಾಡುತ್ತ ಉಳಿದದ್ದು ಅದೊಂದೇ,
ಗದ್ದೆಯ ಮೇಲೀಗ ಮೂವತ್ತಡಿ ಕೆಂಪು ಮಣ್ಣು.
ತಳಿಯ ಹೆಸರು? ಕೇಳಿದೆ, ಫಾರಂ ತುಂಬುತ್ತ.
"ನಂಗಡ ನೆಲ್ಲ್."
ಅದು ಹೆಸರಲ್ಲ ಅಂದೆ. ಬೇರೆ ಗೊತ್ತಿಲ್ಲ ಅಂದ.
ಹಾಗೇ ಬರೆದುಕೊಂಡೆ: ತಳಿ, ನಮ್ಮ ಭತ್ತ.

ನಿಯಮಕ್ಕೆ ನಾನೂರು ಬೇಕು.
ಇಲಿ ತಿಂದು, ಹುಳು ತಿಂದು, ಗಟ್ಟಿ ಕಾಳು ಸಿಕ್ಕಿದ್ದು ನೂರು.
ಹದಿನಾಲ್ಕನೆಯ ದಿನ ಬಿಚ್ಚಿದಾಗ
ತೊಂಬತ್ತಾರಕ್ಕೆ ಬೂಷ್ಟು. ನಾಲ್ಕು ಹಸಿರು.
ಎಣಿಕೆ ಮುಗಿದ ಕಾಗದ ಬುಟ್ಟಿಗೆ, ಎಂದಿನಂತೆ.
ವರದಿ ಬರೆದೆ: ಶೇಕಡಾ ನಾಲ್ಕು. ಬಿತ್ತನೆಗೆ ಯೋಗ್ಯವಲ್ಲ.
ರುಜು, ಮೊಹರು.

ಅವನು ಓದಿದ. ಇನ್ನೊಮ್ಮೆ ಓದಿದ.
"ಆ ನಾಲ್ಕು ಎಲ್ಲಿ?"

ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ಪಟ್ಟಿಯ ಮೂರನೆಯ ದಶಮಾಂಶಕ್ಕೆ ನನ್ನ ಬೆವರಿಳಿಸಿದ
ದೆಹಲಿಯ ಪರೀಕ್ಷಕರೂ ಕೇಳಿರಲಿಲ್ಲ.
ಹಿತ್ತಲ ಗೊಬ್ಬರಗುಂಡಿಯ ಅಂಚಿನಲ್ಲಿ ಮಂಡಿಯೂರಿ
ನಾನೂ ಜವನಿಯೂ ಒದ್ದೆ ಸುರುಳಿಗಳನ್ನು ಒಂದೊಂದಾಗಿ ಬಿಡಿಸಿದೆವು.
ಯಾರದೋ ರಾಗಿ, ಯಾರದೋ ಅವರೆ,
ಸಂಖ್ಯೆಯಾದ ಮೇಲೂ ಎರಡೆಲೆ ಬಿಟ್ಟು ಬಾಡಿದ್ದ ಎಷ್ಟೋ.
ಸಂಜೆಗೆ ಸಿಕ್ಕಿದ್ದು ಮೂರು.
ಒಂದಕ್ಕೆ ಬೇರು ಮುರಿದಿತ್ತು.
ಮೊಸರಿನ ಡಬ್ಬಿಯಲ್ಲಿ ಕೆಸರು ತುಂಬಿ, ನೆಟ್ಟು, ಕೊಟ್ಟೆ.
ಅವನು ಅದನ್ನು ಜೀಪಿನ ಮುಂದಿನ ಸೀಟಿನಲ್ಲಿಟ್ಟು
ಅಲ್ಲಿ ಕೂತಿದ್ದ ಹುಡುಗನನ್ನು ಹಿಂದಕ್ಕೆ ಕಳಿಸಿದ.

ಆಮೇಲೆ ಸುದ್ದಿಯಿಲ್ಲ.
ಎರಡು ಪುತ್ತರಿ ಕಳೆದವು. ಕದಿರು ತೆಗೆಯುವ ರಾತ್ರಿ
ಬೇರೆಯವರ ಗದ್ದೆಯಂಚಿನಲ್ಲಿ ನಿಂತು
ಪೊಲಿ ಪೊಲಿ ದೇವಾ ಎಂದು ಎಲ್ಲರೊಡನೆ ಕೂಗುವಾಗ
ಪೊಲಿ ಎಂದರೆ ಹೆಚ್ಚಲಿ, ಎಷ್ಟಿದ್ದದ್ದು ಎಷ್ಟಾಗಲಿ ಎಂದು
ಲೆಕ್ಕದ ನಾಲಿಗೆ ಒಳಗೇ ತಡವರಿಸಿತು.

ಮೊನ್ನೆ ಅಂಚೆಯಲ್ಲೊಂದು ಲಕೋಟೆ.
ಯಾರದೋ ಮದುವೆ ಕರೆಯೋಲೆಯ ಹಿಂಬದಿಯಲ್ಲಿ ಬರೆದಿದ್ದ:
"ನೂರು ಕಾಳು. ಎಷ್ಟು ಏಳುತ್ತವೆ ನೋಡಿ ಹೇಳಿ. ಪಳಂಗಪ್ಪ."
ಕನ್ನಡಕ ಏರಿಸಿ ಎಣಿಸಿದೆ. ಮತ್ತೆ ಎಣಿಸಿದೆ.
ಜವನಿಯೂ ಎಣಿಸಿದಳು.
ತೊಂಬತ್ತಾರು.
ಆಗ ಕಂಡಿತು, ಕಾಗದದ ಮಡಿಕೆಯೊಳಗೆ, ಸಣ್ಣಕ್ಷರದಲ್ಲಿ:
"ನಾಲ್ಕು ನನ್ನ ಹತ್ತಿರ ಇವೆ."